ಜಗುಲಿ ಹಲಗೆ ಕಲಿಸಿದ ಪಾಠ

ಉಲ್ಲಾಳದ ನಮ್ಮ ಹಳೇ ಮನೆ ಜಗುಲಿ ಮೇಲೆ ಒಂದು ಹಲಸಿನ ಹಲಗೆ ಇದೆ. ಆರಡಿ ಉದ್ದ, ಒಂದೂವರೆ ಅಡಿ ಅಗಲ. ತಾತ ಕಣದಿಂದ ಬಂದು ಬೆವರು ಆರಿಸಿಕೊಳ್ಳುತ್ತಿದ್ದದ್ದು ಅದರ ಮೇಲೆ. 2007ರಲ್ಲಿ ಊರು ಬಿಬಿಎಂಪಿಗೆ ಸೇರಿತು. ಕಣ ಸೈಟಾಯಿತು. ಹಲಗೆ ಮಾತ್ರ ಉಳಿಯಿತು.

ಅದನ್ನು ಹಾಳು ಮಾಡಿದವರು ನಾವೇ. ಮೂರು ವರ್ಷದ ಹಿಂದೆ ಗಣೇಶನ ಹಬ್ಬಕ್ಕೆ ಚೆಂದ ಕಾಣಲಿ ಎಂದು, ಹಳೇ ಬಣ್ಣದ ಮೇಲೇ ದಪ್ಪಗೆ ಇನಾಮಲ್ ಬಳಿದೆವು. ಮಳೆ ಬಿಟ್ಟು ಎರಡೇ ದಿನವಾಗಿತ್ತು, ಮರದೊಳಗೆ ಇನ್ನೂ ತೇವ ಇತ್ತು. ಮುಂದಿನ ಬೇಸಿಗೆಗೆ ಬಣ್ಣ ಉಬ್ಬಿ ಹೊಪ್ಪಳೆ ಎದ್ದಿತು. ಬಿರುಕಿನಲ್ಲಿ ಇಳಿದ ನೀರಿಗೆ ಹೊರಗೆ ಬರಲು ದಾರಿಯಿಲ್ಲ. ಒಂದು ಮೂಲೆಯಲ್ಲಿ ಉಗುರು ಒತ್ತಿದರೆ ಒಳಗಿಳಿಯುತ್ತಿತ್ತು.

"ಎಸೆದು ಗ್ರಾನೈಟ್ ಹಾಕಿಸೋಣ" ಅಂದರು ಚಿಕ್ಕಪ್ಪ. ಅಜ್ಜಿ ಎರಡು ದಿನ ಜಗುಲಿಗೇ ಬರಲಿಲ್ಲ. ಮೂರನೇ ದಿನ ನಾವು ಆಚಾರಿಯನ್ನು ಕರೆಸಿದೆವು.

ಅವರು ಹಲಗೆ ತಿರುಗಿಸಿ ನೋಡಿ ಹೇಳಿದರು: "ಮರ ಸತ್ತಿಲ್ಲ ಕಣ್ರಪ್ಪ, ನೀವು ಉಸಿರು ಕಟ್ಟಿಸಿದ್ದೀರಿ." ಮೆತ್ತಗಾದ ಮೂಲೆ ಕತ್ತರಿಸಿ ಬೇರೆ ತುಂಡು ಕೂಡಿಸಿಕೊಟ್ಟರು. ಉಳಿದದ್ದು ನಮ್ಮ ಕೆಲಸ.

ಬಣ್ಣ ಕೆರೆಯುವ ಮುಂಚೆ ಒಂದು ವಿಷಯ ನೆನಪಾಯಿತು. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ನಮ್ಮ ಹಲಗೆಯ ಕೆಳಗಿನ ಪದರಗಳು ಅದಕ್ಕಿಂತ ಹಳೆಯವು. ಸೀಸದ ಧೂಳು ಮಕ್ಕಳ ಮಿದುಳಿಗೆ ವಿಷ. ಅಕ್ಕನ ಮಗು ಅದೇ ಜಗುಲಿ ಮೇಲೆ ಅಂಬೆಗಾಲಿಡುತ್ತದೆ. ಹಾಗಾಗಿ ಮಗುವನ್ನು ಅಕ್ಕನ ಮನೆಗೆ ಕಳಿಸಿ, ಹಲಗೆಯನ್ನು ಹಿತ್ತಿಲಿಗೆ ಒಯ್ದು, ಕೆಳಗೆ ಟಾರ್ಪಾಲು ಹಾಸಿ, ಮಾಸ್ಕ್ ಕಟ್ಟಿ, ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆದೆವು. ಸುಟ್ಟು ತೆಗೆಯಲಿಲ್ಲ, ಸುಟ್ಟರೆ ಹೊಗೆಯಲ್ಲೂ ವಿಷ.

ಆಮೇಲೆ ನೆರಳಲ್ಲಿ ಮೂರು ವಾರ ಒಣಗಲು ಬಿಟ್ಟೆವು. ಬರಿ ಮರ ಕಾಣಿಸಿದ ಮೇಲೆ 80, 120, 180 ನಂಬರಿನ ಉಪ್ಪುಕಾಗದ, ಎಳೆ ಹೋದ ದಿಕ್ಕಿಗೇ. ಕೊನೆಗೆ ಅಗಸೆ ಎಣ್ಣೆ, ಬೇಯಿಸಿದ್ದು. ಮೊದಲ ಕೈಗೆ ಟರ್ಪೆಂಟೈನ್ ಬೆರೆಸಿ ತೆಳುವಾಗಿ. ಇಪ್ಪತ್ತು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಒರೆಸಿದೆವು. ಒಂದೊಂದು ಕೈಗೂ ಎರಡು ದಿನದ ಬಿಡುವು, ಒಟ್ಟು ಮೂರು ಕೈ. ಹಲಗೆಯ ಎರಡು ತುದಿಗೆ ಇನ್ನೊಂದು ಕೈ ಹೆಚ್ಚು. ಮರ ನೀರು ಕುಡಿಯುವುದು ತುದಿಯಿಂದಲೇ ಜಾಸ್ತಿ.

ಒಂದು ಎಚ್ಚರ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ. ತಾನೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿಡಿ, ಇಲ್ಲವೇ ಹೊರಗೆ ಹರಡಿ ಒಣಗಿಸಿ.

ಎಣ್ಣೆ ಬಣ್ಣದಂತೆ ಮೇಲೆ ಪೊರೆ ಕಟ್ಟುವುದಿಲ್ಲ, ಮರದೊಳಗೆ ಇಳಿಯುತ್ತದೆ. ಆದ್ದರಿಂದ ಸಿಪ್ಪೆ ಏಳುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ನಾಲ್ಕು ಹನಿ ನೀರು ಹಾಕಿ ನೋಡಿ. ಮಣಿಯಂತೆ ನಿಂತರೆ ಸರಿ, ಹೀರಿಕೊಂಡರೆ ಎಣ್ಣೆ ಹಚ್ಚುವ ಕಾಲ. ಕೆಲಸಕ್ಕೆ ಜನವರಿ, ಫೆಬ್ರವರಿ ಒಳ್ಳೆಯದು, ಹಬ್ಬದ ಹಿಂದಿನ ವಾರ ಅಲ್ಲ.

ಕೂಡಿಸಿದ ತುಂಡು ಇನ್ನೂ ಹಳದಿಯಾಗಿ ಬೇರೆ ಕಾಣುತ್ತದೆ. ಹಲಸು ಬಿಸಿಲಿಗೆ ಕಂದಾಗುತ್ತದೆ, ಕಾಯಬೇಕು. ಅಜ್ಜಿ ಅದರ ಮೇಲೆ ಕೈಯಾಡಿಸಿ, "ಇರಲಿ ಬಿಡ್ರೋ" ಅಂದು, ಅವರೆಕಾಯಿ ಮೊರ ಎಳೆದುಕೊಂಡು ಕೂತರು.