ಪೊದೆಯಿಂದ ಹೊರಟ ಓಟ

1966ರ ಏಪ್ರಿಲ್ 19. ಮಧ್ಯಾಹ್ನ ಹನ್ನೆರಡಕ್ಕೆ ಇನ್ನು ಕೆಲವೇ ನಿಮಿಷ. ಅಮೆರಿಕದ ಹಾಪ್ಕಿಂಟನ್ ಎಂಬ ಪುಟ್ಟ ಊರಿನಲ್ಲಿ, ಬಾಸ್ಟನ್ ಮ್ಯಾರಥಾನ್ ಶುರುವಾಗುವ ಗೆರೆಯ ಬಳಿ ನೂರಾರು ಗಂಡಸರು ಕಾಲು ಜಾಡಿಸುತ್ತ ನಿಂತಿದ್ದಾರೆ. ರಸ್ತೆ ಪಕ್ಕದ ಪೊದೆಯಲ್ಲಿ 23 ವರ್ಷದ ಬಾಬಿ ಗಿಬ್ ಅಡಗಿ ಕೂತಿದ್ದಾಳೆ. ಮೈಮೇಲೆ ತಲೆ ಮುಚ್ಚುವ ನೀಲಿ ಸ್ವೆಟ್‌ಶರ್ಟ್, ಸಹೋದರನ ಚಡ್ಡಿ. ಎದೆಗೆ ನಂಬರಿಲ್ಲ. ಯಾರಾದರೂ ಕಂಡರೆ ಹೊರಗಟ್ಟುತ್ತಾರೆ, ಪೊಲೀಸರಿಗೂ ಒಪ್ಪಿಸಬಹುದು.

ನಂಬರ್ ಕೇಳಿ ಅವಳು ಫೆಬ್ರವರಿಯಲ್ಲೇ ಪತ್ರ ಬರೆದಿದ್ದಳು. ಹೆಂಗಸಿನ ದೇಹಕ್ಕೆ ಅಷ್ಟು ದೂರ ಓಡುವ ಶಕ್ತಿಯಿಲ್ಲ, ನಿಯಮವೂ ಒಪ್ಪುವುದಿಲ್ಲ ಎಂದು ಸಂಘಟಕರು ಉತ್ತರಿಸಿದರು. ಆಗ ಅಮೆರಿಕದಲ್ಲಿ ಹೆಂಗಸರಿಗೆ ಅಧಿಕೃತವಾಗಿ ಬಿಟ್ಟಿದ್ದ ಅತಿ ದೂರದ ಓಟ ಒಂದೂವರೆ ಮೈಲಿ. ಒಲಿಂಪಿಕ್ಸಿನಲ್ಲಿ 800 ಮೀಟರ್. ಮ್ಯಾರಥಾನ್ 42.195 ಕಿಲೋಮೀಟರ್! ಆ ಪತ್ರ ಓದಿಯೂ ಅವಳು ಸ್ಯಾನ್ ಡಿಯಾಗೊದಲ್ಲಿ ಬಸ್ಸು ಹತ್ತಿದಳು. ದಿನಗಟ್ಟಲೆ ಸೀಟಿನಲ್ಲಿ ಮುದುಡಿಕೊಂಡು ಇಡೀ ಖಂಡ ದಾಟಿ ತವರಿಗೆ ಬಂದಳು. ತಂದೆ ರೇಗಿದರು. ತಾಯಿ ಮಾತ್ರ ಕೊನೆಗೆ ಮನಸ್ಸು ಕರಗಿ, ಕಾರಿನಲ್ಲಿ ತಂದು ಇಳಿಸಿದರು.

ಗುಂಡು ಹಾರಿತು. ಮುಂದಿನ ಸಾಲು ಹೋಯಿತು, ಮಧ್ಯದ ಗುಂಪು ಬಂತು. ಚಂಗನೆ ನೆಗೆದಳು!

ಹಿಂದಿದ್ದ ಓಟಗಾರರಿಗೆ ಸ್ವಲ್ಪದರಲ್ಲೇ ಗೊತ್ತಾಯಿತು, ಇವಳು ಹುಡುಗಿ. ಅವಳ ಎದೆ ಡವಗುಟ್ಟಿತು. ಆದರೆ ಅವರು ಬೈಯಲಿಲ್ಲ, ತಳ್ಳಲಿಲ್ಲ. ರಸ್ತೆ ಯಾರಪ್ಪನದೂ ಅಲ್ಲ, ನಿನ್ನನ್ನು ಹೊರಹಾಕಲು ನಾವು ಬಿಡುವುದಿಲ್ಲ ಎಂದು ಧೈರ್ಯ ಹೇಳಿದರು. ಸ್ವೆಟ್‌ಶರ್ಟ್ ಒಳಗೆ ಬೆಂದುಹೋಗುತ್ತಿದ್ದವಳು ಅದನ್ನು ಕಿತ್ತೆಸೆದಳು. ಈಗ ಎಲ್ಲರಿಗೂ ಕಾಣುತ್ತಾಳೆ. ಅಂದು ಆ ಗಂಡಸರು ಮುಖ ತಿರುಗಿಸಿದ್ದರೆ ಈ ಕಥೆ ಅಲ್ಲೇ ಮುಗಿಯುತ್ತಿತ್ತು. ಅವರ ಹೆಸರುಗಳು ಹೆಚ್ಚು ಜನರಿಗೆ ಗೊತ್ತಿಲ್ಲವಲ್ಲ ಎಂಬುದು ನನ್ನ ಸಂಕಟ.

ಬಾಸ್ಟನ್ ದಾರಿ ಶುರುವಿನಲ್ಲಿ ಇಳಿಜಾರು. ಕಾಲು ತಾನಾಗಿ ಓಡುತ್ತದೆ, ಹೊಸಬರು ಹಿಗ್ಗುತ್ತಾರೆ. ಆದರೆ ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂದಿನ ಸ್ನಾಯು ದೇಹದ ಭಾರವನ್ನು ತಡೆದು ಹಿಡಿಯಬೇಕು, ಅದರ ಎಳೆಗಳು ಅಷ್ಟಷ್ಟೇ ಹರಿಯುತ್ತವೆ. ಆ ಲೆಕ್ಕ ಚುಕ್ತಾ ಆಗುವುದು ಮುಂದಿನ ಏರುಗಳಲ್ಲಿ. ಅವಳಿಗೆ ಇದನ್ನು ಹೇಳುವವರೇ ಇರಲಿಲ್ಲ. ತರಬೇತುದಾರನಿಲ್ಲ, ಪುಸ್ತಕವಿಲ್ಲ. ನರ್ಸುಗಳು ತೊಡುವ ಬಿಳಿ ಬೂಟಿನಲ್ಲಿ ಕಾಡು, ಬೆಟ್ಟ, ಕಡಲ ದಂಡೆ ಸುತ್ತಿ ತನ್ನಷ್ಟಕ್ಕೆ ಕಲಿತ ಓಟ ಅವಳದು.

ಸುದ್ದಿ ಅವಳಿಗಿಂತ ಮುಂದೆ ಓಡಿತ್ತು. ಅರ್ಧ ದಾರಿಗೆ ಸಿಗುವ ವೆಲ್ಸ್ಲಿ ಮಹಿಳಾ ಕಾಲೇಜಿನ ಹುಡುಗಿಯರು ರಸ್ತೆಯ ಅಂಚಿಗೆ ನುಗ್ಗಿ ಕಾಯುತ್ತಿದ್ದರು. ಅವಳು ಕಂಡದ್ದೇ ತಡ, ಕಿರುಚಿದರು, ಕುಣಿದರು, ಕೆಲವರು ಅತ್ತೇಬಿಟ್ಟರು.

ನ್ಯೂಟನ್ನಿನ ದಿಬ್ಬಗಳು ಎದುರಾದವು. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಸಾಮಾನ್ಯವಾಗಿ 30 ಕಿಲೋಮೀಟರಿನ ಆಸುಪಾಸಿನಲ್ಲಿ ಬರಿದಾಗತೊಡಗುತ್ತದೆ. ಆಮೇಲೆ ದೇಹ ಕೊಬ್ಬನ್ನು ನೆಚ್ಚಬೇಕು, ಅದರಿಂದ ಶಕ್ತಿ ಹುಟ್ಟುವುದು ನಿಧಾನ. ಬಾಸ್ಟನ್ ದಾರಿಯ ಕುಖ್ಯಾತ ಏರು ‘ಹಾರ್ಟ್‌ಬ್ರೇಕ್ ಹಿಲ್’ ನಿಂತಿರುವುದು ಸರಿಯಾಗಿ ಆ ಗಡಿಯಾಚೆ. ಅದನ್ನೂ ಹತ್ತಿದಳು! ಅಲ್ಲಿಯವರೆಗೆ ಮೂರು ಗಂಟೆಯೊಳಗೆ ಮುಗಿಸುವ ವೇಗ.

ಆಮೇಲೆ ಒಂದೊಂದು ಹೆಜ್ಜೆಗೂ ನರಕ. ಓಡುವಾಗ ನೀರು ಕುಡಿದರೆ ಸ್ನಾಯು ಹಿಡಿದುಕೊಳ್ಳುತ್ತದೆ ಎಂಬ ಆ ಕಾಲದ ಮಾತನ್ನು ನಂಬಿ ಅವಳು ನೀರು ಮುಟ್ಟಿರಲಿಲ್ಲ. ಬೆವರು ಹರಿದಷ್ಟೂ ರಕ್ತದ ಪ್ರಮಾಣ ಇಳಿಯುತ್ತದೆ, ಹೃದಯದ ಬಡಿತ ಏರುತ್ತದೆ, ಮೈ ಕಾಯುತ್ತದೆ. ಕಾಲಲ್ಲಿದ್ದದ್ದು ಹುಡುಗರ ಹೊಸ ಶೂ. ಹೆಂಗಸರಿಗೆಂದು ಓಟದ ಶೂ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಪಳಗದ ಶೂ ಉಜ್ಜಿ ಉಜ್ಜಿ ಪಾದವೆಲ್ಲ ಬೊಕ್ಕೆ. ಕೊನೆಯ ಮೈಲಿಗಳಲ್ಲಿ ಕೆಂಡದ ಮೇಲೆ ಹೋಗುವವಳ ಹಾಗೆ ತುದಿಗಾಲಿನಲ್ಲಿ ಹೆಜ್ಜೆ ಇಡುತ್ತಿದ್ದಳು.

ಈ ಕೊನೆಯ ಮೈಲಿಗಳನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಅಲ್ಲಿ ಅವಳನ್ನು ಕಾಡಿದ ಯಾವುದೂ ಹೆಣ್ಣುದೇಹದ ಕೊರತೆಯಲ್ಲ. ಬಾಯಾರಿಕೆ, ಹೊಸ ಶೂ, ಕಾಲಿನಲ್ಲಿ ಮುಗಿದ ಕಸುವು: ಮೊದಲ ಮ್ಯಾರಥಾನ್ ಓಡುವ ಯಾವ ಗಂಡಸಿಗೂ ಇವೇ ಶತ್ರುಗಳು. ಹಳಬರು ಹೊಸಬರಿಗೆ ಸಲೀಸಾಗಿ ದಾಟಿಸುವ ತಿಳಿವಳಿಕೆ ಅವಳವರೆಗೆ ಬರದಂತೆ ಬಾಗಿಲು ಹಾಕಿ, ಬಳಿಕ ಅವಳ ದೇಹವನ್ನೇ ದೂರಿದ್ದು ಘೋರ ಅನ್ಯಾಯ. ಅವಳು ನಿಂತುಬಿಟ್ಟಿದ್ದರೆ ಎಷ್ಟು ಬಾಯಿಗಳು ‘ನೋಡಿದಿರಾ?’ ಎನ್ನುತ್ತಿದ್ದವು! ಅದು ಅವಳಿಗೂ ಗೊತ್ತಿತ್ತು. ನಿಲ್ಲಲಿಲ್ಲ.

ಬಾಯ್ಲ್‌ಸ್ಟನ್ ಬೀದಿ. ಜನಸಾಗರ. ಗೆರೆ ದಾಟಿದಾಗ 3 ಗಂಟೆ 21 ನಿಮಿಷ 40 ಸೆಕೆಂಡು! ಓಟಗಾರರಲ್ಲಿ ಮೂರನೇ ಎರಡು ಪಾಲು ಗಂಡಸರು ಇನ್ನೂ ಹಿಂದೆ. ರಾಜ್ಯಪಾಲ ಜಾನ್ ವೋಲ್ಪೆ ಬಂದು ಕೈ ಕುಲುಕಿದರು. ಜೊತೆಗೆ ಓಡಿದವರು ಊಟಕ್ಕೆ ಕರೆದರು, ಆದರೆ ಬಾಗಿಲಲ್ಲಿ ಅವಳನ್ನು ತಡೆಯಲಾಯಿತು. ಒಳಗೆ ಗಂಡಸರಿಗೆ ಮಾತ್ರ.

1967ರಲ್ಲಿ ಮತ್ತೆ ಓಡಿದಳು, 1968ರಲ್ಲೂ ಓಡಿದಳು, ನಂಬರಿಲ್ಲದೆಯೇ. ಹೆಂಗಸರಲ್ಲಿ ಅವಳ ಆ ಮೂರು ವರ್ಷಗಳ ಗೆಲುವನ್ನು ಸಂಘಟಕರು ಒಪ್ಪಿಕೊಂಡದ್ದು 1996ರಲ್ಲಿ. ಅದಕ್ಕೂ ಮುಂಚೆ, 1972ರಲ್ಲಿ, ಬಾಸ್ಟನ್ ಹೆಂಗಸರಿಗೆ ಅಧಿಕೃತವಾಗಿ ಬಾಗಿಲು ತೆರೆದಿತ್ತು. ಆ ವರ್ಷ ಹಾಪ್ಕಿಂಟನ್‌ನಿಂದ ಎಂಟು ಹೆಂಗಸರು ಹೊರಟರು, ಎಂಟೂ ಜನ ಬಾಸ್ಟನ್ ಮುಟ್ಟಿದರು.