ತಮ್ಮನ ಯೆಜ್ಡಿಯೂ ಯಾದವಗಿರಿಯೂ

ಕಳೆದ ಕಾರ್ತಿಕ ಮಾಸದಲ್ಲಿ ಮೈಸೂರಿಗೆ ಹೋಗಿಬರುವ ಪ್ರಸಂಗವೊಂದು ಒದಗಿತು. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ಆ ನಗರದ ಬೀದಿಗಳನ್ನು ಕಾಲ್ನಡಿಗೆಯಿಂದಲೇ ಅಳೆದವನು ನಾನು. ಈ ಸಲದ ಪ್ರಯಾಣ ಮಾತ್ರ ಬೇರೆ ಬಗೆಯದು. ಧೋತರವನ್ನು ಎತ್ತಿ ಕಟ್ಟಿ, ತಮ್ಮನ ಮಗನ ಬೆನ್ನಹಿಂದೆ, ನಲವತ್ತು ವರ್ಷ ದಾಟಿದ ಯೆಜ್ಡಿ ಮೋಟಾರ್ ಸೈಕಲ್ಲಿನ ಮೇಲೆ ಗುಂಡ್ಲುಪೇಟೆಯಿಂದ ಹೊರಟೆ. ಅರುವತ್ತು ಕಿಲೋಮೀಟರಿನಷ್ಟು ದೂರವನ್ನು ಕ್ರಮಿಸುವಷ್ಟರಲ್ಲಿ ನನ್ನ ಸೊಂಟವು ತನ್ನ ವಯಸ್ಸನ್ನು ನೂರು ಬಾರಿ ಹೇಳಿತು.

ಬಂಡಿ ನನ್ನ ತಮ್ಮನದು. 1984ರಲ್ಲಿ, ಪಶುವೈದ್ಯ ಇಲಾಖೆಯ ನೌಕರಿ ಸಿಕ್ಕಿದ ಹೊಸದರಲ್ಲಿ, ಸಾಲ ಮಾಡಿ ಕೊಂಡ ರೋಡ್‌ಕಿಂಗ್. ಕರೆ ಬಂದ ಅಪರಾತ್ರಿಯಲ್ಲಿ ಅದನ್ನೇರಿ ಹಳ್ಳಿ ಹಳ್ಳಿಗೆ ಹೋಗಿ ದನಕರುಗಳನ್ನು ಉಳಿಸಿದವನು ಅವನು. ಅವನು ಲಿಂಗೈಕ್ಯನಾಗಿ ನಾಲ್ಕು ವರ್ಷಗಳಾದುವು. ಅಂದಿನಿಂದ ಬಂಡಿ ಕೊಟ್ಟಿಗೆಯಲ್ಲಿ ಗೋಣಿತಟ್ಟಿನ ಕೆಳಗೆ ನಿಂತಿತ್ತು. ಆಯುಧಪೂಜೆಯ ದಿನ ಮಾತ್ರ ತಮ್ಮನ ಮಡದಿ ಗೋಣಿಯನ್ನು ಸರಿಸಿ, ಪೆಟ್ರೋಲ್ ಟ್ಯಾಂಕಿನ ಮೇಲೆ ಮೂರು ಬೆರಳು ವಿಭೂತಿ ಎಳೆದು, ಹೂವಿಟ್ಟು, ಮತ್ತೆ ಮುಚ್ಚುತ್ತಿದ್ದಳು. ಮಗ ಯಂತ್ರಶಾಸ್ತ್ರದ ಡಿಪ್ಲೊಮಾ ಮುಗಿಸಿ, ಎಂಜಿನ್ನಿಗೆ ಪುನಃ ಜೀವ ತುಂಬಿದಾಗ ಆಕೆಗೆ ಆದ ಸಂತೋಷವನ್ನು ಏನು ಹೇಳಲಿ! ಆದರೆ ಮಗನ ಮುಂದಿನ ಮಾತು ಮನೆಯನ್ನೇ ಕದಡಿತು. ಬಂಡಿಯ ಮೈಯನ್ನು ಕತ್ತರಿಸಿ, ಹಿತ್ತಾಳೆ ತಾಮ್ರಗಳ ಕೊಳವೆಗಳನ್ನು ಬೆಸೆದು, ಟ್ಯಾಂಕನ್ನು ಉಜ್ಜಿ ಬಣ್ಣ ಕಿತ್ತು, ‘ಸ್ಟೀಮ್‌ಪಂಕ್’ ರೀತಿಯಲ್ಲಿ ಅದನ್ನು ಮಾರ್ಪಡಿಸುವೆನೆಂದು ಅವನು ಹೇಳಿದನು. ತಾಯಿ ಮೂರು ದಿನ ಅವನೊಡನೆ ಮಾತನಾಡಲಿಲ್ಲ. ನಾಲ್ಕನೆಯ ದಿನ ನನಗೆ ಹೇಳಿಕಳುಹಿಸಿದಳು: “ಭಾವ, ನೀವೇ ಬಂದು ತೀರ್ಮಾನ ಹೇಳಿ. ನೀವು ಹೇಳಿದಂತೆ ಆಗಲಿ.”

ಸಂಸ್ಕೃತ ಓದಿದವನ ಕಿವಿಗೆ ಪಂಕವೆಂದರೆ ಕೆಸರು. ಉಗಿಯ ಕೆಸರೆಂದರೇನು ಎಂದು ಮೊದಲು ನಗೆ ಬಂದಿತು. ಹುಡುಗ ವಿವರಿಸಿದನು. ಇದು ಮೊದಲಿಗೆ ಒಂದು ಬಗೆಯ ಕಥಾಸಾಹಿತ್ಯದ ಹೆಸರು. 1987ರಲ್ಲಿ ಕೆ. ಡಬ್ಲ್ಯೂ. ಜೀಟರ್ ಎಂಬ ಅಮೆರಿಕದ ಲೇಖಕನು ಪತ್ರಿಕೆಯೊಂದಕ್ಕೆ ಬರೆದ ಕಾಗದದಲ್ಲಿ ಈ ಪದವನ್ನು ಟಂಕಿಸಿದನಂತೆ. ವಿಕ್ಟೋರಿಯಾ ರಾಣಿಯ ಕಾಲದ ಉಗಿಯಂತ್ರಗಳೇ ಲೋಕವನ್ನು ಇನ್ನೂ ನಡೆಸುತ್ತಿದ್ದರೆ ಹೇಗಿರುತ್ತಿತ್ತು ಎಂಬುದು ಆ ಕಥೆಗಳ ಕಲ್ಪನೆ. ಜೂಲ್ಸ್ ವರ್ನನ ಸಮುದ್ರದಡಿಯ ನೌಕೆ, ಎಚ್. ಜಿ. ವೆಲ್ಸ್ 1895ರಲ್ಲಿ ಬರೆದ ಕಾಲಯಂತ್ರ, ಇವೇ ಅವುಗಳ ಹಿರಿಯರು. ಕಥೆಯಿಂದ ಅದು ಉಡುಪಿಗೂ ಗಡಿಯಾರಕ್ಕೂ ಕೊನೆಗೆ ಮೋಟಾರ್ ಸೈಕಲ್ಲಿಗೂ ಇಳಿದಿದೆ. ಹಲ್ಲುಚಕ್ರ, ತಿರುಪು, ಒತ್ತಡಮಾಪಕ, ಚರ್ಮದ ಪಟ್ಟಿ ಇವೆಲ್ಲವನ್ನೂ ಮರೆಮಾಚದೆ ಹೊರಗೇ ತೋರಿಸುವುದು ಆ ರೀತಿಯ ಲಕ್ಷಣ.

ತೀರ್ಮಾನ ಹೇಳುವ ಮೊದಲು ಬಂಡಿ ಹುಟ್ಟಿದ ನೆಲವನ್ನು ಹುಡುಗನಿಗೆ ತೋರಿಸಬೇಕೆನಿಸಿತು. ಅದಕ್ಕಾಗಿ ಈ ಪ್ರಯಾಣ.

ನಂಜನಗೂಡಿನಲ್ಲಿ ಕಪಿಲಾ ನದಿಯ ಬಳಿ ಸ್ವಲ್ಪ ಹೊತ್ತು ಇಳಿದೆವು. ದಳವಾಯಿ ದೇವರಾಜನು 1735ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆ ಅಲ್ಲಿದೆ. ಎತ್ತಿನ ಗಾಡಿಗಳಿಗೂ ಯಾತ್ರಿಕರಿಗೂ ಕಟ್ಟಿದ ಆ ಸೇತುವೆಯ ಮೇಲೆಯೇ ಮುಂದಿನ ಕಾಲದವರು ರೈಲುಹಳಿಯನ್ನು ಹಾಸಿದರು. ಉಗಿಬಂಡಿಯ ಭಾರವನ್ನೂ ಅದು ಹೊತ್ತಿತು. “ನೋಡಿದಿರಾ ದೊಡ್ಡಪ್ಪ, ಹಳೆಯದಕ್ಕೆ ಹೊಸದನ್ನು ಜೋಡಿಸಿದವರು ಮೊದಲೂ ಇದ್ದರು” ಎಂದನು ಹುಡುಗ. “ಜೋಡಿಸಿದರು, ನಿಜ. ಕಮಾನನ್ನು ಒಡೆಯಲಿಲ್ಲವಲ್ಲ” ಎಂದೆ ನಾನು. ಅವನು ಉತ್ತರಿಸದೆ ಕಿಕ್ಕರ್ ಒದೆದನು. ಈ ಬಂಡಿಯಲ್ಲಿ ಅದೊಂದು ವೈಶಿಷ್ಟ್ಯ. ಚಾಲೂ ಮಾಡುವ ಕಿಕ್ಕರನ್ನೇ ಮುಂದಕ್ಕೆ ಮಡಿಸಿದರೆ ಅದು ಗೇರಿನ ಸನ್ನೆಯಾಗುತ್ತದೆ. ಒಂದೇ ಅಂಗಕ್ಕೆ ಎರಡು ಕಾಯಕ!

ಮೈಸೂರಿನ ರೈಲುನಿಲ್ದಾಣದ ಹಿಂಬದಿಗೆ ಯಾದವಗಿರಿ. ಇಲ್ಲಿಯೇ 1961ರಲ್ಲಿ ಜಯಚಾಮರಾಜೇಂದ್ರ ಒಡೆಯರು ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದರು. ಜಾವಾ ಎಂಬುದು ಚೆಕೊಸ್ಲೊವಾಕಿಯದ ಹೆಸರು. 1929ರಲ್ಲಿ ಯಾನೆಚೆಕ್ ಎಂಬಾತನು ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ಎರಡು ಹೆಸರುಗಳ ಆರಂಭದ ಅಕ್ಷರಗಳನ್ನು ಕೂಡಿಸಿ ಈ ಪದವನ್ನು ಮಾಡಿದನು. ಪಾಣಿನಿಯ ಪ್ರತ್ಯಾಹಾರವನ್ನು ನೆನಪಿಸುವ ಜಾಣತನ. ಮೈಸೂರಿನಲ್ಲಿ ಕಾರ್ಖಾನೆ ಕಟ್ಟಿದವರು ಪಾರಸಿ ಸಮುದಾಯದ ಇರಾನಿ ಕುಟುಂಬದವರು. 1973ರಿಂದ ಬಂಡಿಗೆ ಅವರು ಇಟ್ಟ ಯೆಜ್ಡಿ ಎಂಬ ಹೆಸರಿನಲ್ಲಿ ಇರಾನಿನ ಯಜ್ದ್ ಪಟ್ಟಣದ ನೆನಪಿದೆ. ತಾಯ್ನಾಡನ್ನು ಬಿಟ್ಟು ಶತಮಾನಗಳೇ ಕಳೆದ ಮೇಲೂ ಒಂದು ಸಮುದಾಯ ತನ್ನ ಊರಿನ ಹೆಸರನ್ನು ಕಬ್ಬಿಣದ ಮೇಲೆ ಬರೆಯಿತು!

ನಾನು ವಿದ್ಯಾರ್ಥಿಯಾಗಿದ್ದಾಗ ಸಂಜೆ ಈ ರಸ್ತೆಯಲ್ಲಿ ಕೆಲಸ ಬಿಟ್ಟ ಕಾರ್ಮಿಕರ ಸೈಕಲ್ಲುಗಳ ಸಾಲು ಹರಿಯುತ್ತಿತ್ತು. ಅವರ ಬಟ್ಟೆಯ ಎಣ್ಣೆಯ ವಾಸನೆ ನನಗೆ ಇಂದಿಗೂ ನೆನಪಿದೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ 2018ರಲ್ಲಿಯೂ ಯೆಜ್ಡಿ 2022ರಲ್ಲಿಯೂ ಬೇರೊಂದು ಕಂಪನಿಯ ಮೂಲಕ ಮಾರುಕಟ್ಟೆಗೆ ಮರಳಿ ಬಂದಿವೆ. ಆದರೆ ಅವು ಯಾದವಗಿರಿಯಲ್ಲಿ ಹುಟ್ಟಿದವಲ್ಲ. ರಸ್ತೆಯ ಬದಿಯ ಚಹಾದಂಗಡಿಯಲ್ಲಿ ಕುಳಿತಿದ್ದ ವೃದ್ಧರೊಬ್ಬರು ನಮ್ಮ ಬಂಡಿಯ ಸದ್ದನ್ನು ಕೇಳಿಯೇ ಎದ್ದು ಬಂದರು. ಎಂಜಿನ್ ವಿಭಾಗದಲ್ಲಿ ದುಡಿದವರಂತೆ. ಒಂದೇ ಸಿಲಿಂಡರಿನಿಂದ ಹೊರಡುವ ಎರಡು ಹೊಗೆಕೊಳವೆಗಳನ್ನು ತಡವಿ ನೋಡಿ, ಹುಡುಗನ ಸಂಕಲ್ಪವನ್ನು ಕೇಳಿ, ಅವರು ಹೇಳಿದುದಿಷ್ಟು: “ಏನಾದರೂ ಮಾಡಪ್ಪ, ಸೈಲೆನ್ಸರ್ ಮುಟ್ಟಬೇಡ. ಟೂ-ಸ್ಟ್ರೋಕ್ ಎಂಜಿನ್ನಿಗೆ ಅದು ಬರೀ ಹೊಗೆ ಬಿಡುವ ಬಾಯಲ್ಲ, ಅದರ ಉಸಿರೇ ಅದು.” ಹೊಗೆಯ ಹಿಂದೊತ್ತಡ ತಪ್ಪಿದರೆ ಸುಡದ ಪೆಟ್ರೋಲು ಹೊರಗೆ ಹೋಗಿ ಬಲ ಕುಂದುವುದನ್ನು ಅವರು ನೆಲದ ಮೇಲೆ ಕಡ್ಡಿಯಿಂದ ಚಿತ್ರ ಬರೆದು ತಿಳಿಸಿದರು. ಅವರಿಗೆ ಪಾಠ ಹೇಳುವ ಕಲೆ ಇತ್ತು; ನಮ್ಮ ಪಾಠಶಾಲೆಯಲ್ಲಿ ತರ್ಕ ಕಲಿಸುತ್ತಿದ್ದ ಗುರುಗಳ ನೆನಪಾಯಿತು.

ಅಲ್ಲಿಂದ ಕೃಷ್ಣರಾಜಸಾಗರ ರಸ್ತೆಯ ರೈಲು ವಸ್ತುಸಂಗ್ರಹಾಲಯಕ್ಕೆ ಹೋದೆವು. 1979ರಲ್ಲಿ ಸ್ಥಾಪನೆಯಾದ, ದೆಹಲಿಯದರ ಅನಂತರ ದೇಶದಲ್ಲಿ ಎರಡನೆಯದಾದ ಸಂಗ್ರಹಾಲಯವಿದು. ಮಹಾರಾಣಿಯವರ 1899ರ ಸಲೂನು ಬೋಗಿಯನ್ನು ನೋಡಲು ಜನ ಮುತ್ತುತ್ತಾರೆ. ನಾವು ಮಾತ್ರ ಬಯಲಿನಲ್ಲಿ ನಿಂತ ಉಗಿ ಎಂಜಿನ್ನುಗಳ ಬಳಿ ಒಂದೂವರೆ ಗಂಟೆ ಕಳೆದೆವು. ಹುಡುಗ ಪುಸ್ತಕದಲ್ಲಿ ಚಿತ್ರ ಬರೆದುಕೊಳ್ಳುತ್ತಿದ್ದನು. ನಾನು ಕೇಳಿದೆ: “ಈ ಒತ್ತಡಮಾಪಕ ಇಲ್ಲಿ ಏಕಿದೆ?” “ಬಾಯ್ಲರಿನ ಉಗಿಯ ಒತ್ತಡ ಮಿತಿ ಮೀರದಂತೆ ಡ್ರೈವರ್ ನೋಡಿಕೊಳ್ಳಲು.” “ನಿನ್ನ ಬಂಡಿಯಲ್ಲಿ ಉಗಿಯೇ ಇಲ್ಲ. ಅಲ್ಲಿ ಮುಳ್ಳು ಏನನ್ನು ತೋರಿಸುತ್ತದೆ?”

ಕೆಲಸವಿಲ್ಲದ ಅಂಗವನ್ನು ಕೆಲಸಗಾರನ ವೇಷದಲ್ಲಿ ನಿಲ್ಲಿಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ನಮ್ಮ ಶರಣರಲ್ಲಿ ಬಾಚಿ ಕಾಯಕದ ಬಸವಯ್ಯನಿದ್ದಾನೆ, ಹಗ್ಗ ಹೊಸೆದ ನುಲಿಯ ಚಂದಯ್ಯನಿದ್ದಾನೆ. ಅವರ ಕೈಯ ಉಪಕರಣಗಳು ಪ್ರದರ್ಶನದ ವಸ್ತುಗಳಾಗಿರಲಿಲ್ಲ. ಇದನ್ನು ಹೇಳಿದಾಗ ಹುಡುಗ ಸುಮ್ಮನಾದನು. ಮಾತು ಕಠಿನವಾಯಿತೇನೋ ಎಂದು ನನಗೇ ಅಳುಕಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವನೇ ಹೇಳಿದನು: “ದೊಡ್ಡಪ್ಪ, ಆ ಮಾಪಕದ ಡಬ್ಬಿಯೊಳಗೆ ಆಮ್ಮೀಟರ್ ಕೂರಿಸುತ್ತೇನೆ. ಬ್ಯಾಟರಿಗೆ ವಿದ್ಯುತ್ತು ಸೇರುತ್ತಿದೆಯೋ ಇಲ್ಲವೋ ತೋರಿಸುತ್ತದೆ. ಆಗ ಸುಳ್ಳಾಗುವುದಿಲ್ಲವಷ್ಟೆ?” ಗುರುವಿಗೆ ಸೋಲು ಸಿಹಿ ಎನ್ನುತ್ತಾರೆ. ಸಿಹಿಯೇ ಆಗಿತ್ತು.

ಕಾನೂನಿನ ಮಾತೂ ಇತ್ತು. ಮೋಟಾರು ವಾಹನ ಅಧಿನಿಯಮದ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಬಂಡಿಯನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಇನ್ನೊಂದು ಸಂಗತಿ ಹುಡುಗನಿಗೆ ಹೊಸದು. 2021ರ ಕೇಂದ್ರದ ನಿಯಮಗಳಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ ಬಂಡಿಯನ್ನು ಪುರಾತನ ವಾಹನವೆಂದು ನೋಂದಾಯಿಸಬಹುದು. ಆದರೆ ಚೌಕಟ್ಟು, ಮೈ, ಎಂಜಿನ್ನುಗಳು ಮೂಲ ರೂಪದಲ್ಲಿಯೇ ಉಳಿದಿರಬೇಕು. ತಮ್ಮನ ಬಂಡಿಗೆ 2034ರಲ್ಲಿ ಐವತ್ತು ತುಂಬುತ್ತದೆ. ಈಗ ಕತ್ತರಿಸಿದರೆ ಆ ಗೌರವ ಎಂದೆಂದಿಗೂ ಇಲ್ಲ.

ಹಿಂದಿರುಗುವ ಮೊದಲು ಗುಜರಿ ಅಂಗಡಿಯೊಂದನ್ನು ಹೊಕ್ಕೆವು. ಸೀಮೆಎಣ್ಣೆ ಸ್ಟೌವಿನ ಹಿತ್ತಾಳೆಯ ಬುರುಡೆ, ಹಳೆಯ ಒತ್ತಡಮಾಪಕದ ಡಬ್ಬಿ, ಒಂದು ಮೊಳ ತಾಮ್ರದ ಕೊಳವೆ, ಮತ್ತು ಸೊಟ್ಟಗಾದ ಒಂದು ಯೆಜ್ಡಿ ಟ್ಯಾಂಕು. ಹಿತ್ತಾಳೆ ಉಕ್ಕಿಗಿಂತ ತೂಕದ ಲೋಹ. ಹ್ಯಾಂಡಲಿನ ಮೇಲೆ ಹೆಚ್ಚು ಹೇರಿದರೆ ಬಂಡಿ ತಿರುವಿನಲ್ಲಿ ಜಗ್ಗುತ್ತದೆಂದು ಅಂಗಡಿಯವನೇ ಎಚ್ಚರಿಸಿ, ಒಂದು ವಸ್ತುವಿನ ವ್ಯಾಪಾರವನ್ನು ತಾನೇ ಬಿಟ್ಟುಕೊಟ್ಟನು. ಅಂತಹವರು ಇನ್ನೂ ಇದ್ದಾರೆ.

ಮನೆಗೆ ಬಂದು ನಾನು ಹೇಳಿದ ತೀರ್ಮಾನ ಇದು: ಚೌಕಟ್ಟಿಗೆ ಗರಗಸ ಸೋಕಕೂಡದು, ಬೆಸುಗೆ ಕೂಡದು, ಏನೇ ಸೇರಿಸಿದರೂ ಪಟ್ಟಿ ಮತ್ತು ತಿರುಪುಗಳಿಂದ ಮಾತ್ರ, ಬಿಚ್ಚಿದರೆ ಬಂಡಿ ಮೊದಲಿನಂತಾಗಬೇಕು. ಅಪ್ಪನ ಟ್ಯಾಂಕು ತಾಯಿಯ ವಶ. ಗುಜರಿಯ ಟ್ಯಾಂಕಿನ ಮೇಲೆ ಅವನ ಕಲೆ ನಡೆಯಲಿ. ರಸ್ತೆಗೆ ಒಯ್ಯುವ ಮೊದಲು ಸಾರಿಗೆ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಲಿ. ಹುಡುಗನಿಗೆ ಪೂರ್ತಿ ತೃಪ್ತಿಯಾಯಿತೆಂದು ಹೇಳಲಾರೆ. ಅವನ ಮನಸ್ಸಿನಲ್ಲಿದ್ದ ಬಂಡಿ ಇದಕ್ಕಿಂತ ಧೀರವಾದದ್ದು.

ಮಾಘದಲ್ಲಿ ಮತ್ತೆ ಹೋದಾಗ ಕೆಲಸ ಮುಗಿದಿತ್ತು. ಸ್ಟೌವಿನ ಬುರುಡೆ ಸೀಟಿನ ಪಕ್ಕದಲ್ಲಿ ಉಪಕರಣಗಳ ಪೆಟ್ಟಿಗೆಯಾಗಿತ್ತು. ಆಮ್ಮೀಟರಿನ ಮುಳ್ಳು ಎಂಜಿನ್ನಿನ ಸದ್ದಿನೊಡನೆ ಏಳುತ್ತ ಬೀಳುತ್ತ ಇತ್ತು. ಹಿತ್ತಾಳೆ ಹದಿನೈದು ದಿನಕ್ಕೆ ಮಂಕಾಗುತ್ತದೆಂದು ಹುಡುಗ ಅಂಗಡಿಯಿಂದ ಪಾಲಿಶ್ ತಂದಿದ್ದನು. ಅವನ ತಾಯಿ ಅದನ್ನು ಪಕ್ಕಕ್ಕೆ ಸರಿಸಿ, ಅಡುಗೆಮನೆಯಿಂದ ಹುಣಸೆಹಣ್ಣು ತಂದು, ಬಂಡಿಯ ಬಳಿ ಮಣೆ ಹಾಕಿಕೊಂಡು ಕುಳಿತು ಉಜ್ಜುತ್ತಿದ್ದಳು. ಅಟ್ಟದ ಮೇಲೆ, ತಮ್ಮನ ಹಳೆಯ ಪಂಚೆಯಲ್ಲಿ ಸುತ್ತಿದ ಟ್ಯಾಂಕು ಕಾಣುತ್ತಿತ್ತು.