ಕಿರ್ದಿಯಲ್ಲಿ ಬರೆಯದ ಲೆಕ್ಕ

ಬೆಳಗಾವಿ, ಹುಬ್ಬಳ್ಳಿ ಕಡೆಯ ಬೀಗರು ನಮ್ಮ ಮನೆಗೆ ಬಂದಾಗ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ನೀವು ಮರಾಠಿಯವರಲ್ಲೇನ್ರಿ? ಕನ್ನಡ ಇಷ್ಟು ಚಲೋ ಹ್ಯಾಂಗ ಮಾತಾಡ್ತೀರಿ?" ಅಕ್ಕಲಕೋಟೆಯಲ್ಲಿ ನಾಲ್ಕು ತಲೆಮಾರಿನಿಂದ ಕಿರಾಣಿ, ಕಾಳುಕಡಿ ವ್ಯಾಪಾರ ಮಾಡಿಕೊಂಡು ಬಂದಿರುವ ನಮಗೆ ಈ ಪ್ರಶ್ನೆಯಿಂದ ಬೇಸರವೇನೂ ಇಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನಮ್ಮ ಊರು ಮುಂಬಯಿ ರಾಜ್ಯದಲ್ಲೇ ಉಳಿಯಿತು. 1960ರಲ್ಲಿ ಮಹಾರಾಷ್ಟ್ರವಾಯಿತು. ಅಕ್ಕಲಕೋಟೆಯನ್ನು ಆಗಿನ ಮೈಸೂರು ರಾಜ್ಯಕ್ಕೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಜಾರಿಗೆ ಬರಲಿಲ್ಲ. ಆ ವಾದ ಮಾಡುವವರು ಮಾಡಲಿ. ಗಲ್ಲೆಯ ಮೇಲೆ ಕುಳಿತವನಿಗೆ ಗಿರಾಕಿಯ ಭಾಷೆಯೇ ಭಾಷೆ.

ನಾವು ಯಾರೆಂಬುದನ್ನು ಬೀಗರಿಗೆ ತಿಳಿಸಲು ನಾವು ಇದಾವುದನ್ನೂ ಹೇಳುವುದಿಲ್ಲ. 1972ರ ಬರಗಾಲದ ಒಂದು ಸಂಗತಿ ಹೇಳುತ್ತೇವೆ.

ಆಗ ನಮಗೆ ಹದಿನಾಲ್ಕು ವರ್ಷ. ಹೊಲವಿದ್ದ ರೈತರೂ ಸರಕಾರದ ಕಾಮಗಾರಿಯಲ್ಲಿ ಖಡಿ ಒಡೆಯಲು ಹೋಗುತ್ತಿದ್ದ ಕಾಲ. ರೇಶನ್ನಿನಲ್ಲಿ 'ಮಿಲೋ' ಎಂಬ ಪರದೇಶದ ಕೆಂಪು ಜೋಳ ಬರುತ್ತಿತ್ತು. ಬಿಳಿಜೋಳದ ರೊಟ್ಟಿ ಉಂಡ ಬಾಯಿಗೆ ಅದು ಹತ್ತುತ್ತಿರಲಿಲ್ಲ, ಆದರೂ ಉಣ್ಣಲೇಬೇಕಿತ್ತು. ನಮ್ಮ ಅಂಗಡಿಯಲ್ಲಿ ಉದ್ರಿ ಬೆಳೆಯುತ್ತ ಹೋಯಿತು. ತಂದೆಯವರದು ಎರಡು ಬಗೆಯ ಬರವಣಿಗೆ. ಸರಕಾರಕ್ಕೆ ತೋರಿಸುವ ಕಿರ್ದಿ ಮರಾಠಿಯಲ್ಲಿ, ಉದ್ರಿಯ ವಹಿ ಕನ್ನಡದಲ್ಲಿ. ಯಾಕೆಂದು ಕೇಳಿದರೆ, "ಉದ್ರಿ ಒಯ್ದವನ ಹೆಸರು ಅವರವ್ವ ಕರಿಯೂ ಹಂಗ ಬರೀಬೇಕು" ಎನ್ನುತ್ತಿದ್ದರು.

ಆ ವರ್ಷ ದೀಪಾವಳಿಯ ಹೊತ್ತಿಗೆ ಸೋಲಾಪುರದ ಸಗಟು ವ್ಯಾಪಾರಿಯೊಬ್ಬರು ಬಾಕಿಗಾಗಿ ಮನೆಯ ಬಾಗಿಲಿಗೇ ಬಂದರು. ಬರಬೇಕಾದ ಉದ್ರಿ ಕೇಳೋಣವೆಂದರೆ ಖಡಿ ಒಡೆಯುವವರಲ್ಲಿ ಏನಿದೆ? ಮರುದಿನ ಬಾಕಿ ಪೂರ್ತಿ ತೀರಿತು. ಕಿರ್ದಿಯಲ್ಲಿ ಆ ದಿನ 'ಘರ್ ಖಾತೆಯಿಂದ ಜಮಾ' ಎಂದಷ್ಟೇ ಇದೆ. ನಿಜವಾಗಿ ಜಮಾ ಆದದ್ದು ನಮ್ಮವ್ವನ ಒಂದು ಜೊತೆ ಪಾಟಲಿ. ತಂದೆಯವರು ಕೇಳಿ ಇಸಗೊಂಡರೆಂದು ಓಣಿಯವರು ಆಡಿಕೊಂಡರು. ಅವ್ವ ಮಾತ್ರ ಇಂದಿಗೂ ಒಪ್ಪುವುದಿಲ್ಲ. "ಅವರು ಕೇಳಲಿಲ್ಲ ತಮ್ಮಾ, ನಾನೇ ತಗದು ಕೊಟ್ಟೆ. ಪರಿಗ್ರಹ ಪ್ರಮಾಣ ಅಂತ ಬಸದ್ಯಾಗ ಕೇಳೂದು, ಮನ್ಯಾಗ ಕೈತುಂಬ ಬಂಗಾರ ಏರಿಸ್ಕೊಂಡು ಕೂಡೂದು, ಹ್ಯಾಂಗ?" ಪಂಡಿತರ ಪ್ರವಚನವನ್ನು ನಾವು ಸಾಕಷ್ಟು ಕೇಳಿದ್ದೇವೆ. ಅಣುವ್ರತವೆಂದರೆ ನಮಗೆ ನೆನಪಾಗುವುದು ಈ ಪಾಟಲಿಯೇ.

ಅವ್ವನಿಗೆ ಓದು ಬಾರದು. ದಶಲಕ್ಷಣ ಪರ್ವದಲ್ಲಿ, ಹೊತ್ತು ಮುಳುಗುವ ಮುಂಚೆ ಊಟ ಮುಗಿದ ಮೇಲೆ, ಮಕ್ಕಳನ್ನು ಕೂಡಿಸಿಕೊಂಡು ಸುಕುಮಾರಸ್ವಾಮಿಯ ಕಥೆ ಹೇಳುತ್ತಿದ್ದಳು. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಇದೇ ಮೊದಲನೆಯದೆಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವಳಿಗೆ ಅದು ಅವಳ ತಾಯಿಯ ಬಾಯಿಂದ ಬಂದದ್ದು. ಅವಳ ಸುಕುಮಾರನ ಮನೆ ನಮ್ಮ ಊರಿನ ವಾಡೆಯಂತೆಯೇ ಇರುತ್ತಿತ್ತು. ಅವನಿಗೆ ಚುಚ್ಚಿದ ಸಾಸಿವೆ ಕಾಳು ನಮ್ಮ ಅಂಗಡಿಯ ಚೀಲದ್ದೇ. ಸಾಸಿವೆ ಚುಚ್ಚಿತೆಂದಾಗ ನಗುತ್ತಿದ್ದ ಮಕ್ಕಳು, ಧ್ಯಾನಕ್ಕೆ ನಿಂತವನನ್ನು ನರಿ ಮರಿಗಳೊಡನೆ ಬಂದು ತಿನ್ನತೊಡಗಿದಾಗ ಉಸಿರು ಬಿಡುತ್ತಿರಲಿಲ್ಲ.

1993ರ ಮಹಾಮಸ್ತಕಾಭಿಷೇಕದ ಮರುವರ್ಷ, ಗದ್ದಲ ಇಳಿದ ಮೇಲೆ ಅವ್ವನನ್ನು ಶ್ರವಣಬೆಳಗೊಳಕ್ಕೆ ಕರೆದೊಯ್ದಿದ್ದೆವು. ಗೊಮ್ಮಟಸ್ವಾಮಿಯ ಪಾದದ ಬಳಿ ಚಾವುಂಡರಾಯ ಮಾಡಿಸಿದನೆಂಬ ಬರಹ ಕನ್ನಡದಲ್ಲಿದೆ, ತಮಿಳಿನಲ್ಲಿದೆ, ಇನ್ನೊಂದು ಬದಿಗೆ ನಾಗರಿ ಲಿಪಿಯಲ್ಲೂ ಇದೆ. ಅದನ್ನು ಮರಾಠಿ ಎನ್ನುವವರುಂಟು, ಕೊಂಕಣಿ ಎನ್ನುವವರೂ ಉಂಟು. ತೋರಿಸಿ ಹೇಳಿದೆವು. ಅವ್ವ, "ಹಂಗಾರ ನಮ್ಮ ಅಂಗಡಿ ಹಂಗ ಐತಿ ಬಿಡು" ಎಂದಳು.

ಈಗ ಅವಳಿಗೆ ಎಂಬತ್ತಾರು. ಮಗ ಪುಣೆಯಲ್ಲಿದ್ದಾನೆ. ಹನ್ನೊಂದು ವರ್ಷದ ಮೊಮ್ಮಗಳಿಗೆ ಮರಾಠಿ, ಹಿಂದಿ, ಇಂಗ್ಲಿಷು ಚೆನ್ನಾಗಿ ಬರುತ್ತವೆ. ಕನ್ನಡವೆಂದರೆ ಬಾ, ಕೂಡು, ಉಣ್ಣು, ಅಷ್ಟೆ. ಅವ್ವನಿಗೆ ಗಿರಾಕಿಯ ಮಟ್ಟಿಗಿನ ಮರಾಠಿ ಉಂಟು, ಮನಸ್ಸಿನ ಮಾತಿಗೆ ಸಾಲದು. ಹೋದ ದೀಪಾವಳಿಯಲ್ಲಿ ಅವ್ವ ಪಾಟಲಿಯ ಸಂಗತಿ ಹೇಳುತ್ತಿದ್ದಳು, ಮಗ ಪಕ್ಕದಲ್ಲಿ ಕುಳಿತು ಮಗಳಿಗೆ ಮರಾಠಿಯಲ್ಲಿ ಹೇಳುತ್ತಿದ್ದ. ಬಸದಿಯಲ್ಲಿ ಕೇಳೂದು, ಮನೆಯಲ್ಲಿ ಏರಿಸ್ಕೊಂಡು ಕೂಡೂದು ಎಂಬ ಮಾತು ಅವನ ಬಾಯಲ್ಲಿ 'ಮುತ್ತಜ್ಜಿ ಅಂಗಡಿಗಾಗಿ ದಾಗೀನ ಮಾರಿದಳು' ಎಂದಾಯಿತು. ಸುಳ್ಳಲ್ಲ. ಆದರೆ ಅಷ್ಟನ್ನು ಯಾವ ಮನೆಯವರೂ ಹೇಳಬಹುದು. ಮಗನನ್ನು ನಾವು ಬೈಯಲಿಲ್ಲ. ಹೊಟ್ಟೆಪಾಡು ಎಲ್ಲಿದೆಯೋ ಅಲ್ಲಿ ಇರಬೇಕು, ನಮ್ಮ ಮುತ್ತಜ್ಜ ಈ ಊರಿಗೆ ಬಂದದ್ದೂ ಹಾಗೆಯೇ.

ಮೊಮ್ಮಗಳಿಗೇ ಒಂದು ಉಪಾಯ ಹೊಳೆಯಿತು. ಮುತ್ತಜ್ಜಿಯ ಮಾತನ್ನು ಮೊಬೈಲಿನಲ್ಲಿ ತುಂಬಿಕೊಂಡು, ಕನ್ನಡದ ಮಾತುಗಳನ್ನೇ ದೇವನಾಗರಿ ಅಕ್ಷರದಲ್ಲಿ ಬರೆದುಕೊಳ್ಳತೊಡಗಿದಳು. ಹಗೇವು ಎಂದರೇನು, ಅಚ್ಚೇರು ಎಂದರೆ ಎಷ್ಟು, ಎಂದು ದಿನಾ ಸಂಜೆ ಫೋನು ಮಾಡಿ ನಮ್ಮನ್ನು ಕೇಳುತ್ತಾಳೆ. ನೆಲದಲ್ಲಿ ಕಾಳು ತುಂಬಿಡುವ ಕುಣಿ ಎಂದರೆ ಅವಳಿಗೆ ನಂಬಿಕೆಯಿಲ್ಲ, ಮುಂದಿನ ರಜೆಯಲ್ಲಿ ತೋರಿಸಬೇಕಂತೆ.

ಅವಳನ್ನು ನೋಡಿ ನಾವೂ ಇನ್ನೂರು ಪುಟದ ವಹಿಯೊಂದನ್ನು ತಂದು ಬರೆಯಲು ಕುಳಿತಿದ್ದೇವೆ. ನಮ್ಮ ಸಮಾಜದಲ್ಲಿ ಮನೆತನದ ಇತಿಹಾಸವೆಂದು ಅಚ್ಚಾಗುವ ಸ್ಮರಣ ಸಂಚಿಕೆಗಳಲ್ಲಿ ದೇಣಿಗೆಯ ಮೊತ್ತ, ಫೋಟೋ, ಬಿರುದು ಇವೇ ತುಂಬಿರುತ್ತವೆ. ಮುಗ್ಗಟ್ಟಿನ ವರ್ಷಗಳನ್ನು ಯಾರೂ ಬರೆಯುವುದಿಲ್ಲ. ನಾವು ಬರೆಯಬೇಕೆಂದು 1972ರ ಉದ್ರಿಯ ವಹಿಯನ್ನೂ ಅಟ್ಟದಿಂದ ಇಳಿಸಿದೆವು. ಹಳೆಯ ಹೆಸರುಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದಾಗ ಅವ್ವ ಕೈ ಅಡ್ಡ ಮಾಡಿದಳು.

"ತೀರಿಸದವರ ಹೆಸರು ಬರೀಬ್ಯಾಡ ತಮ್ಮಾ. ಅವರ ಮೊಮ್ಮಕ್ಕಳು ಈಗ ನಮ್ಮ ಅಂಗಡಿಗೇ ಬರ್ತಾರ."

ಹಾಗಾಗಿ ಆ ಪುಟದಲ್ಲಿ ಊರು, ಕಾಳು, ಸೇರು ಮಾತ್ರ ಬರೆದಿದ್ದೇವೆ.